ನಮ್ಮ ಕಡೆಯ ಮಣ್ಣು

ಅದೇ ತಿರುವಿನಲ್ಲಿ ಅಕ್ಕ ಮೂರನೇ ಸಲ ಬಿದ್ದಾಗ ತಂಗಿ ಓಡಿಹೋಗಿ ಎತ್ತಲಿಲ್ಲ. ಸೈಕಲ್ಲನ್ನು ಬಂಡೆಗೆ ಒರಗಿಸಿ, ಹೆಲ್ಮೆಟ್ಟಿನ ಪಟ್ಟಿ ಬಿಚ್ಚಿ, ಸೊಂಟದ ಮೇಲೆ ಕೈಯಿಟ್ಟು ನಿಂತಳು. ಎಷ್ಟು ಸಲ ಅಂತ ಎತ್ತುವುದು? ಬೀಳುವವರಿಗೆ ಬೇಸರವಿಲ್ಲದಿದ್ದರೂ ಎತ್ತುವವರಿಗೆ ಸುಸ್ತಾಗುವುದಿಲ್ಲವೇ?

ಧೂಳು ಇಳಿದ ಮೇಲೆ ಅಕ್ಕ ಕಾಣಿಸಿದಳು. ಸೈಕಲ್ ಒಂದು ಕಡೆ, ತಾನೊಂದು ಕಡೆ. ಮೊಣಕೈಗೆ ಮೆತ್ತಿದ ಪುಡಿಗಲ್ಲು ಕೊಡವುತ್ತಾ, ತಪ್ಪೆಲ್ಲ ನೆಲದ್ದೇ ಎಂಬಂತೆ ಅದನ್ನು ದುರುಗುಟ್ಟಿ ನೋಡಿದಳು.

"ನಮ್ಮ ಕಡೆ ಹೀಗಿಲ್ಲ ಕಣೇ. ಅಲ್ಲಿ ಎಷ್ಟು ವಾಲಿದ್ರೂ ಮಣ್ಣು ಚಕ್ರಾನ ಹಿಡ್ಕೊಳ್ಳುತ್ತೆ."

ತಂಗಿಗೆ ಪಿತ್ತ ನೆತ್ತಿಗೇರಿತು. ನಿನ್ನೆ ಗಂಡನ ಊರಿಂದ ಬಂದು ಬಸ್ಸಿಳಿದಾಗಿನಿಂದ ಇದೇ ರಾಗ. ನಮ್ಮ ಕಡೆ ಕಾಡು, ನಮ್ಮ ಕಡೆ ತೇವ, ನಮ್ಮ ಕಡೆ ಒದ್ದೆ ಬೇರುಗಳ ಮೇಲೆ ಬ್ರೇಕ್ ಮುಟ್ಟದೆ ತೇಲಿಕೊಂಡು ಹೋಗಬೇಕು. ಹೋಗಲಿ, ಬೇಡ ಅಂದವರು ಯಾರು? ಆದರೆ ಆ ಕಾಡನ್ನು ತಲೆಯಲ್ಲಿಟ್ಟುಕೊಂಡು ಈ ಬೋಳುಗುಡ್ಡ ಇಳಿದರೆ ಆಗುತ್ತದೆಯೇ? ಇಲ್ಲಿರುವುದು ಗಟ್ಟಿ ಬಂಡೆ, ಅದರ ಮೇಲೆ ಚೆಲ್ಲಾಡಿದ ಸಡಿಲ ಜಲ್ಲಿ. ತಿರುವಿಗೆ ಮುಂಚೆಯೇ ವೇಗ ಇಳಿಸಿ, ಸೈಕಲ್ಲನ್ನು ಆದಷ್ಟು ನೆಟ್ಟಗಿಟ್ಟು, ಬರಿ ಬಂಡೆ ಕಾಣುವ ಜಾಗ ಹುಡುಕಿ ಚಕ್ರ ಇಡಬೇಕು. ಜಲ್ಲಿಯ ಮೇಲೆ ವಾಲಿದರೆ ಮುಂದಿನ ಚಕ್ರ ಜಾರಿತೆಂದೇ ಲೆಕ್ಕ. ಇದನ್ನೆಲ್ಲ ತನಗೆ ಕಲಿಸಿದವಳು ಈ ಮಹಾತಾಯಿಯೇ! ಇದೇ ಗುಡ್ಡದಲ್ಲಿ, ಕಿವಿ ಹಿಂಡಿ ಹಿಂಡಿ.

ನಾಳೆ ಜೋಡಿ ಪಂದ್ಯ. ಇಬ್ಬರೂ ಕೆಳಗೆ ಮುಟ್ಟಬೇಕು, ಹಿಂದೆ ಬಂದವಳ ಸಮಯವೇ ಇಬ್ಬರ ಸಮಯ. ಅಕ್ಕನ ಮದುವೆಗೆ ಮುಂಚೆ ಇವರಿಬ್ಬರೂ ಇದನ್ನು ಗೆಲ್ಲುತ್ತಿದ್ದರು. ಅಕ್ಕ ಹೋದ ಮೇಲೆ ತಂಗಿ ಬೇರೆ ಯಾರ ಜೊತೆಗೂ ಇಳಿದಿರಲಿಲ್ಲ. ಈ ವರ್ಷ ಅಕ್ಕ ತಾನಾಗಿಯೇ ಫೋನ್ ಮಾಡಿ "ಬರ್ತೀನಿ" ಅಂದಾಗ, ತಂಗಿ ತಾನು ಕೆಲಸಕ್ಕಿದ್ದ ಕನ್ನಡಕದ ಅಂಗಡಿಯ ಯಜಮಾನರ ಹತ್ತಿರ ಜಗಳಾಡಿ ರಜೆ ತೆಗೆದುಕೊಂಡಿದ್ದಳು. ಗೆಲ್ಲಬೇಕೆಂಬ ಆಸೆ ಇತ್ತು, ಹೊಟ್ಟೆ ತುಂಬ ಇತ್ತು.

ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ಬ್ಯಾಂಕಿನ ಹುಡುಗಿ. ಈಗ ಈ ಗುಡ್ಡವನ್ನು ಎಲ್ಲರಿಗಿಂತ ವೇಗವಾಗಿ ಇಳಿಯುವವಳು ಅವಳು. ಅವಳ ಜೊತೆಗಾತಿಗೆ ಕಾಲು ಉಳುಕಿತ್ತು.

"ಏನ್ರೀ, ನಿಮ್ಮಕ್ಕನ ಕೈಲಿ ಆಗುತ್ತಾ? ಸಂಜೆ ತನಕ ಹೆಸರು ಬದಲಾಯಿಸ್ಬಹುದಂತೆ. ನೀವು ಹೂಂ ಅಂದ್ರೆ ನಾನು ರೆಡಿ."

"ಆಮೇಲೆ ಹೇಳ್ತೀನಿ."

ಆ ಹುಡುಗಿಯ ಗಂಟಲು ದೊಡ್ಡದು. ಅಕ್ಕನಿಗೆ ಎಲ್ಲ ಕೇಳಿಸಿತ್ತು. ಕೇಳಿಸದವಳ ಹಾಗೆ ಟೈರು ಒತ್ತಿ ಒತ್ತಿ ನೋಡುತ್ತಿದ್ದಳು.

"ಗಾಳಿ ಕಮ್ಮಿಯಾಗಿದೆ ಅನ್ಸುತ್ತೆ. ನಮ್ಮ ಕಡೆ ಆದ್ರೆ..."

"ಯಾವುದು ಅಕ್ಕಾ ನಿನ್ನ ಕಡೆ?" ತಂಗಿ ಕಿರುಚಿಯೇ ಬಿಟ್ಟಳು. "ಹುಟ್ಟಿದ್ದು ಇಲ್ಲಿ, ಹಲ್ಲು ಮುರ್ಕೊಂಡಿದ್ದು ಇಲ್ಲಿ. ನಿನ್ನೆಯಿಂದ ನಮ್ಮ ಕಡೆ, ನಮ್ಮ ಕಡೆ ಅಂತ ಪ್ರಾಣ ತಿಂತಿದೀಯ! ಹಾಗಿದ್ರೆ ಯಾಕೆ ಬಂದೆ? ಅಲ್ಲೇ ಕೆಸರಲ್ಲಿ ಹೊರಳಾಡ್ಕೊಂಡು ಇರ್ಬೇಕಿತ್ತು!"

ಆಡಿದ ಮೇಲೆ ಅತಿಯಾಯಿತು ಅನ್ನಿಸಿತು. ಆದರೂ ಸಿಟ್ಟು ಇಳಿದಿರಲಿಲ್ಲ.

ಅಕ್ಕ ತಿರುಗಿ ಬಯ್ಯಲಿಲ್ಲ. ಬಂಡೆಯ ಮೇಲೆ ಕುಕ್ಕರಿಸಿ ಕೈಗವಸು ಕಳಚಿದಳು.

"ಅಲ್ಲಿಗೆ ಹೋದ ಹೊಸದರಲ್ಲಿ ದಿನಾ ಬೀಳ್ತಿದ್ದೆ. ಬೇರು ಕಂಡ್ರೆ ಬ್ರೇಕ್ ಹಿಡೀತಿದ್ದೆ, ವಾಲೋಕೆ ಹೆದರ್ತಿದ್ದೆ. ಎಲ್ಲರೂ ಕಲ್ಲುಗುಡ್ಡದವಳು ಅಂತ ನಗೋರು. ನಿನ್ನ ಭಾವಾನೂ ನಗ್ತಿದ್ರು. ನಾನೂ ನಗ್ತಿದ್ದೆ. ನಕ್ಕೊಳ್ಳಲಿ ಬಿಡು, ನಮ್ಮ ಗುಡ್ಡದಲ್ಲಿ ನನ್ನ ಹಿಡಿಯೋರು ಯಾರಿದಾರೆ ಅಂತ." ಅವಳು ಕೈಗವಸಿನ ಧೂಳು ಕೊಡವಿದಳು. "ಈಗ ಇಲ್ಲೂ ಬರಲ್ಲ ಕಣೇ."

ತಂಗಿ ಕಾಲಿನಿಂದ ಜಲ್ಲಿ ಕೆದಕಿದಳು.

"ಆ ಹುಡುಗಿಗೆ ಹೂಂ ಅನ್ನು. ನಾನು ಕೆಳಗೆ ನಿಂತ್ಕೊಂಡು ನೋಡ್ತೀನಿ," ಅಂದಳು ಅಕ್ಕ.

ತಂಗಿಗೆ ಅಳು ಬಂತು, ಅದರ ಹಿಂದೆಯೇ ಮತ್ತೆ ಸಿಟ್ಟೂ ಬಂತು. ಇವಳು ಎರಡು ಮಾತು ಬಯ್ದಿದ್ದರೆ ಎಷ್ಟು ಚೆನ್ನಾಗಿತ್ತು! ಹೂಂ ಅನ್ನುವುದು ಎಷ್ಟು ಸುಲಭವಿತ್ತು!

"ಸಾಕು, ಏಳು. ನಾನು ಮುಂದೆ ಹೋಗ್ತೀನಿ. ನನ್ನ ಚಕ್ರ ಹೋದಲ್ಲೇ ನಿನ್ನ ಚಕ್ರ ಬರ್ಬೇಕು. ವಾಲಿದ್ಯೋ, ಗ್ರಹಚಾರ ಬಿಡಿಸ್ತೀನಿ."

"ವಾಲಲ್ಲ," ಅಂದಳು ಅಕ್ಕ.

ಇಬ್ಬರೂ ಸೈಕಲ್ ತಳ್ಳಿಕೊಂಡು ಮತ್ತೆ ಮೇಲೆ ಹತ್ತಿದರು. ದಾರಿಯಲ್ಲಿ ತಂಗಿಯೇ ಫೋನ್ ಮಾಡಿ, "ಇಲ್ಲ ರೀ, ನಮ್ಮಕ್ಕನ ಜೊತೇನೇ," ಅಂದು ಇಟ್ಟಳು. ಇಟ್ಟ ಮರುಕ್ಷಣವೇ ನಾಳೆಯ ಗತಿ ನೆನೆದು ಹಣೆ ಚಚ್ಚಿಕೊಳ್ಳುವಂತಾಯಿತು.

ಇಳಿಯುವಾಗ ಹಿಂದಿನಿಂದ ಅಕ್ಕನ ಚಕ್ರದಡಿಯ ಜಲ್ಲಿಯ ಸದ್ದು ಬರುತ್ತಿತ್ತು. ಅದು ದೂರವಾದಾಗಲೆಲ್ಲ ತಂಗಿ, ಕಣ್ಣು ಮುಚ್ಚಿ ಇಳಿಯಬಲ್ಲ ಜಾಗದಲ್ಲೂ, ಬ್ರೇಕಿನ ಮೇಲೆ ಬೆರಳಿಟ್ಟು, ಅದು ಮತ್ತೆ ಹತ್ತಿರವಾಗುವ ತನಕ ಹಿಡಿದುಕೊಂಡೇ ಇದ್ದಳು.