ಮಿಸುಕಿದ ಹಸಿರು ಪಟ್ಟೆ

ಕೆಂಪು ಚೆಂಡು ಪೂರ್ತಿ ಮರೆಯಾಗಿದ್ದರೆ ಯೋಚನೆಯೇ ಇರುತ್ತಿರಲಿಲ್ಲ. ಮಾವನ ಹಸಿರು ಪಟ್ಟೆಯ ಚೆಂಡಿನ ಹಿಂದಿನಿಂದ ಅದು ಅರ್ಧ ಮುಖ ತೋರಿಸಿಕೊಂಡು ಕೂತಿತ್ತು. ಅಳಿಯ ಪೂಲ್ ಮೇಜಿನ ಮೇಲೆ ಎರಡನೇ ಸಲ ಬಗ್ಗಿ ನೋಡಿದ. ಬಿಳಿ ಚೆಂಡು ಪಟ್ಟೆಗೆ ಸೋಕದೆ ನುಸುಳಿದರೆ ಕೆಂಪು ಮೂಲೆಯ ಕುಳಿಗೆ ಬೀಳುತ್ತದೆ. ಆಮೇಲೆ ಉಳಿಯುವುದು ಕುಳಿಯ ಬಾಯಲ್ಲೇ ಕೂತಿರುವ ಕರಿ ಚೆಂಡು, ಅದು ಬಿದ್ದರೆ ಆಟ ಗೆದ್ದಂತೆ, ಅದನ್ನು ಮಗುವೂ ಹಾಕೀತು. ಸೋಕಿದರೆ ಫೌಲ್. ಬಿಳಿ ಮೊದಲು ತಾಗಬೇಕಾದದ್ದು ತನ್ನ ಚೆಂಡಿಗೆ, ಎದುರಿನವನದಕ್ಕಲ್ಲ. ಫೌಲಾದರೆ ಮಾವ ಬಿಳಿಯನ್ನು ಕೈಗೆತ್ತಿಕೊಂಡು ತಮಗೆ ಬೇಕಾದಲ್ಲಿ ಇಟ್ಟು ಆಟ ಮುಗಿಸಿಬಿಡುತ್ತಾರೆ.

ಇನ್ನೊಂದು ದಾರಿಯೂ ಇತ್ತು. ಬಿಳಿಯನ್ನು ಮೆಲ್ಲಗೆ ರಬ್ಬರಿನ ಅಂಚಿಗೆ ಬಡಿಸಿ, ಕೆಂಪಿಗೆ ತುಸುವೇ ಮುಟ್ಟಿಸಿ, ದೂರ ನಿಲ್ಲಿಸುವುದು. ಸೋಲುವುದೂ ಇಲ್ಲ, ಗೆಲ್ಲುವುದೂ ಇಲ್ಲ. ಅನುಮಾನ ಬಂದ ಕಡೆ ಕಾಯಬೇಕು ಎಂದು ಅವನಿಗೆ ಕಲಿಸಿದವರು ಮಾವನೇ. ಮದುವೆಯಾಗಿ ಏಳು ವರ್ಷ, ಅಷ್ಟೂ ವರ್ಷ ಭಾನುವಾರ ಬೆಳಿಗ್ಗೆ ಅವನು ಕಾಯುತ್ತ, ಸೋಲುತ್ತ ಬಂದಿದ್ದ. ಮಾವ ಮಗಳನ್ನು ಕೊಟ್ಟರು, ಆಟ ಮಾತ್ರ ಕೊಡಲಿಲ್ಲ ಎಂದು ಕ್ಲಬ್ಬಿನವರು ನಗುತ್ತಿದ್ದರು. ಇವತ್ತಿನ ಆಟ ಗೆದ್ದವನಿಗೆ ಕ್ಲಬ್ಬಿನ ತಂಡದಲ್ಲಿ ಜಾಗ. ಹನ್ನೊಂದು ವರ್ಷದಿಂದ ಅದು ಮಾವನ ಜಾಗ.

ನಿಯಮದ ಪುಸ್ತಕ ಜೇಬಿನಲ್ಲಿಟ್ಟುಕೊಂಡೇ ತಿರುಗುವ, ಎಲ್ಲರೂ ‘ಲಾಯರ್’ ಎಂದು ಕರೆಯುವ ಮುದುಕ ಕುರ್ಚಿಯಿಂದ ಅರ್ಧ ಎದ್ದ. ಇಂಥ ಹೊಡೆತಕ್ಕೆ ಮುಂಚೆ ಎದುರಾಳಿ ಬಯಸಿದರೆ ಒಬ್ಬನನ್ನು ಕರೆದು ನೋಡಲು ನಿಲ್ಲಿಸಬಹುದು. ಕರೆಯದಿದ್ದರೆ ಹೊಡೆದವನ ಮಾತೇ ಕೊನೆ.

"ನಾನು ಬಂದು ನಿಂತ್ಕೊಳ್ಳಲಾ?" ಎಂದ ಲಾಯರ್.

"ಕೂತ್ಕೊಳಯ್ಯ ನೀನು," ಎಂದರು ಮಾವ. "ಮಗಳನ್ನೇ ನಂಬಿ ಕೊಟ್ಟಿದ್ದೀನಿ. ಒಂದು ಚೆಂಡಿಗೆ ಸಾಕ್ಷಿ ಇಡ್ತೀನಾ?"

ಅಳಿಯ ಹೊಡೆದ. ಕೆಂಪು ಕುಳಿಗೆ ಬಿತ್ತು. ಆದರೆ ಅದಕ್ಕೂ ಮುಂಚೆ, ಕೂದಲೆಳೆಯಷ್ಟು ಮುಂಚೆ, ಹಸಿರು ಪಟ್ಟೆ ಇದ್ದಲ್ಲೇ ಮಿಸುಕಿದ್ದನ್ನು ಅವನು ಕಂಡಿದ್ದ.

ಮೇಜಿನ ಆಚೆ ತುದಿಯಲ್ಲಿ ನಿಂತಿದ್ದ ಮಾವ ಹುಬ್ಬು ಗಂಟಿಕ್ಕಿದರು. "ಪಟ್ಟೆ ಮೊದಲು ಮಿಸುಕಿದ ಹಾಗಿತ್ತಲ್ಲಾ?"

"ಇಲ್ಲ ಮಾವ. ತಾಗ್ಲಿಲ್ಲ."

ಮಾತು ಅಷ್ಟು ಸಲೀಸಾಗಿ ಬಂದದ್ದಕ್ಕೆ ಅವನಿಗೇ ಅಚ್ಚರಿಯಾಯಿತು. ಮಾವ ಪಟ್ಟೆಯ ಚೆಂಡನ್ನು ನೋಡಿದರು, ಅಳಿಯನನ್ನು ನೋಡಿದರು, ಹೆಬ್ಬೆರಳಿನಿಂದ ಕಣ್ಣಿನ ಮೂಲೆ ಒರೆಸಿಕೊಂಡರು. "ಹಾಗಾದ್ರೆ ಸರಿ," ಎಂದರು. ಅವನು ಕರಿ ಚೆಂಡನ್ನೂ ಹಾಕಿದ. ಜನ ಅವನ ಬೆನ್ನು ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಮಾವ.

ಬುಧವಾರ ಅವನು ಯಾರದೋ ಅಡುಗೆಮನೆಯಲ್ಲಿ ಫ್ರಿಜ್ಜಿನ ಹಿಂಬದಿ ಬಿಚ್ಚಿಕೊಂಡು ಕೂತಿದ್ದಾಗ ಹೆಂಡತಿಯ ಫೋನ್ ಬಂತು. ಅಪ್ಪ ಶಾಲೆಯ ವ್ಯಾನಿನ ಬೀಗದ ಕೈ ಒಪ್ಪಿಸಿ ಬಂದಿದ್ದಾರಂತೆ. ಇಪ್ಪತ್ತಾರು ವರ್ಷ ಒಂದು ಗೀರೂ ಬೀಳಿಸದೆ ಮಕ್ಕಳನ್ನು ಕರೆದೊಯ್ದವರು. ಅಮ್ಮ ಎಷ್ಟು ಕೇಳಿದರೂ ಒಂದೇ ಮಾತಂತೆ: ಏಳಡಿ ದೂರದಲ್ಲಿ ಇಲ್ಲದ್ದು ಕಾಣಿಸುವ ಕಣ್ಣಿಟ್ಟುಕೊಂಡು ರಸ್ತೆಗಿಳಿಯುವುದು ಪಾಪ. ಹೇಳುತ್ತ ಹೇಳುತ್ತ ಅವಳ ದನಿ ಒಡೆಯಿತು. "ನಾಳೆ ಕಣ್ಣು ತೋರಿಸೋಕೆ ನೀವೇ ಕರ್ಕೊಂಡು ಹೋಗಿ. ನಿಮ್ಮ ಮಾತಂದ್ರೆ ಅವರಿಗೆ ಮುಗೀತು."

ಅವನು ತುಂಬ ಹೊತ್ತು ಸ್ಕ್ರೂಡ್ರೈವರ್ ಹಿಡಿದುಕೊಂಡು ಹಾಗೇ ಕೂತಿದ್ದ. ಏನಾದರೂ ದೊಡ್ಡ ತೊಂದರೆಯೇ ಎಂದು ಆ ಮನೆಯಾಕೆ ಎರಡು ಸಲ ಕೇಳಿದಳು.

ಮರುದಿನ ದಾರಿಯುದ್ದಕ್ಕೂ ಹೇಳಬೇಕೆಂದುಕೊಂಡ. ಸಿಗ್ನಲ್ಲಿನಲ್ಲಿ ನಿಂತಾಗ ಬಾಯಿ ತೆರೆದೂ ತೆರೆದ. ಅಷ್ಟರಲ್ಲಿ ಬೈಕಿನ ಹಿಂದೆ ಕೂತಿದ್ದ ಮಾವ, ಅಲ್ಲಿರುವುದು ಹಸಿರು ದೀಪವೇ ತಾನೇ ಎಂದು ಕೇಳಿದರು. ಹಸಿರೇ ಇತ್ತು. ಹಿಂದಿನವರು ಹಾರ್ನ್ ಬಾರಿಸುತ್ತಿದ್ದರು.

ಕಣ್ಣಿನ ಆಸ್ಪತ್ರೆಯ ಕೋಣೆ ಉದ್ದಕ್ಕಿತ್ತು, ಕತ್ತಲಾಗಿತ್ತು. ಗೋಡೆಯ ಮೇಲೆ ಅಕ್ಷರಗಳ ಹಲಗೆ ಮಾತ್ರ ಬೆಳಗುತ್ತಿತ್ತು. ಪರೀಕ್ಷೆ ಮಾಡುವ ಹುಡುಗಿ ಮಾವನ ಕೈಗೆ ಉದ್ದ ಹಿಡಿಯ ಕರಿ ಬಿಲ್ಲೆಯೊಂದನ್ನು ಕೊಟ್ಟು ಒಂದು ಕಣ್ಣು ಮುಚ್ಚಿಕೊಳ್ಳಲು ಹೇಳಿದಳು. ಅಳಿಯ ಅವರ ಎಡಕ್ಕೆ ಸ್ಟೂಲಿನ ಮೇಲೆ ಕೂತ.

"ನ," ಎಂದರು ಮಾವ. ಬಿಲ್ಲೆ ಇಳಿಸಿ ಅಳಿಯನ ಕಡೆ ತಿರುಗಿದರು. "ನ ತಾನೇ?"

"ಹೌದು ಮಾವ."

"ಪ. ಪ ಅಲ್ವಾ ಅಳಿಯಂದ್ರೇ?"

ಹುಡುಗಿ ನಕ್ಕಳು. "ಅವರನ್ನ ಕೇಳಬೇಡಿ ಅಜ್ಜಾ. ನಿಮಗೆ ಕಂಡಿದ್ದು ಹೇಳಿ."

"ನನಗೆ ಕಾಣೋದೆಲ್ಲ ಲೆಕ್ಕಕ್ಕಿಲ್ಲಮ್ಮ," ಎಂದರು ಮಾವ, ತಮಾಷೆಯ ದನಿಯಲ್ಲೇ. ಮುಂದಿನ ಅಕ್ಷರವನ್ನೂ ಸರಿಯಾಗಿ ಓದಿದರು. ಮತ್ತೆ ತಿರುಗಿದರು. ಕತ್ತಲಲ್ಲಿ ಆ ಮುಖ, ಪಾಠ ಒಪ್ಪಿಸುವ ಮಗುವಿನಂತೆ ಕಾಯುತ್ತಿತ್ತು.

"ತಾಗಿತ್ತು ಮಾವ," ಎಂದ ಅಳಿಯ.

ಹುಡುಗಿ ಅರ್ಥವಾಗದೆ ಇಬ್ಬರನ್ನೂ ನೋಡಿದಳು.

"ಅವತ್ತು ಪಟ್ಟೆಗೇ ಮೊದಲು ತಾಗಿದ್ದು. ನನಗೂ ಕಾಣಿಸ್ತು. ನಿಮ್ಮ ಕಣ್ಣಿಗೆ ಏನೂ ಆಗಿಲ್ಲ."

ಮಾವ ಹಲಗೆಯ ಕಡೆ ತಿರುಗಿ ಬಿಲ್ಲೆಯನ್ನು ಎಡಗಣ್ಣಿಗೆ ಹಿಡಿದರು. "ಕೆಳಗಿನ ಸಾಲು ತೋರ್ಸಮ್ಮ," ಎಂದರು. ಆ ಸಾಲನ್ನೂ, ಅದರ ಕೆಳಗಿನದನ್ನೂ, ಇರುವೆ ಸಾಲಿನಂತಿದ್ದ ಕೊನೆಯದನ್ನೂ ಒಂದೇ ಉಸಿರಿಗೆ ಓದಿ ಮುಗಿಸಿದರು. ಯಾರನ್ನೂ ಏನೂ ಕೇಳಲಿಲ್ಲ.

ಹುಡುಗಿ ದೀಪ ಹಾಕಿದಳು. ಎಲ್ಲ ಚೆನ್ನಾಗಿದೆ, ಇನ್ನು ಕೈ ಇಳಿಸಬಹುದು ಎಂದಳು. ಮಾವ ತಲೆಯಾಡಿಸಿದರು. ಅಳಿಯ ಕೂತಿದ್ದ ಕಡೆಯ ಕಣ್ಣಿನ ಮೇಲೆ ಕರಿ ಬಿಲ್ಲೆಯನ್ನು ಹಾಗೇ ಹಿಡಿದುಕೊಂಡು, ಖಾಲಿ ಗೋಡೆಯನ್ನು ನೋಡುತ್ತ ಕೂತೇ ಇದ್ದರು.