ಡಿಪೋವರೆಗಿನ ಮಾತು

ಕಂಡಕ್ಟರನ ಹೆಂಡತಿಗೆ ಗಂಡನನ್ನು ನೋಡಿದರೆ ಮೈಯೆಲ್ಲ ಉರಿಯುತ್ತಿತ್ತು. ಉರಿಯದೆ ಇನ್ನೇನು? ಮೆದುಳಿಗೆ ಸ್ಟ್ರೋಕ್ ಹೊಡೆದು, ಆಸ್ಪತ್ರೆ ಸೇರಿ, ಹೇಗೋ ಬದುಕಿ ಬಂದ ಮನುಷ್ಯ ಅವಳ ಜೊತೆ ಒಂದೇ ಒಂದು ಮಾತಾಡಿರಲಿಲ್ಲ. ಊಟ ಬಡಿಸಲಾ ಅಂದರೆ ಪಿಳಿಪಿಳಿ ನೋಡುವುದು, ನೋವಿದೆಯಾ ಅಂದರೆ ಗೋಡೆ ಕಡೆ ತಿರುಗುವುದು. ಪೂರ್ತಿ ಮೂಕನಾಗಿದ್ದರೆ ಹಣೆಬರಹ ಅಂದುಕೊಳ್ಳುತ್ತಿದ್ದಳು. ಆದರೆ ಕಿಟಕಿಯಾಚೆ ಬಸ್ಸಿನ ಸದ್ದು ಕೇಳಿದರೆ ಸಾಕು, ಮಂಚದ ಮೇಲೆ ಕೂತವನು ಗಟ್ಟಿ ದನಿಯಲ್ಲಿ ಶುರು ಹಚ್ಚಿಕೊಳ್ಳುತ್ತಿದ್ದ: “ಮಾರ್ಕೆಟ್ಟು, ಹೈಸ್ಕೂಲು, ಹಳೇ ಸೇತುವೆ, ನೀರಿನ ಟ್ಯಾಂಕು, ದೊಡ್ಡಾಸ್ಪತ್ರೆ, ಡಿಪೋ! ಇಳೀರಿ, ಇಳೀರಿ!” ಎಲ್ಲೂ ತೊದಲಿಲ್ಲ.

“ಬಸ್ಸಿನ ಹತ್ರ ಮಾತಾಡೋಕೆ ಬರತ್ತೆ, ನನ್ನ ಹತ್ರ ಬರಲ್ವಾ?” ಅಂತ ಅವಳು ತಟ್ಟೆ ಕುಕ್ಕುತ್ತಿದ್ದಳು.

ಕಾರಣವೂ ಅವಳಿಗೆ ಗೊತ್ತಿತ್ತು, ಅಥವಾ ಗೊತ್ತಿದೆ ಅಂದುಕೊಂಡಿದ್ದಳು. ಸ್ಟ್ರೋಕ್ ಹೊಡೆಯುವ ಹಿಂದಿನ ದಿನ ಇಬ್ಬರಿಗೂ ಜಗಳವಾಗಿತ್ತು. ಮನೆಗೆ ಬಂದರೂ ಬಸ್ಸಿನ ಕಥೆಗಳನ್ನೇ ವಟವಟ ಅನ್ನುತ್ತಿದ್ದವನಿಗೆ, “ಒಂದಿನ ಆದ್ರೂ ಬಾಯಿ ಮುಚ್ಕೊಂಡಿರಿ” ಅಂದಿದ್ದಳು. ಅದರ ಸೇಡು ಇದು! ಆಸ್ಪತ್ರೆಯವರು ಮಾತಿನ ಥೆರಪಿಗೆ ಬೇಗ ಕರೆದುಕೊಂಡು ಬನ್ನಿ ಅಂದಾಗಲೂ, “ಮಾತೆಲ್ಲಾ ಬರತ್ತೆ, ಇರೋದು ಹಟ” ಅಂದುಬಿಟ್ಟಳು. ಕೊನೆಗೆ ನಾನೇನು ಕಮ್ಮಿ ಅಂತ ತಾನೂ ಬಾಯಿ ಹೊಲಿದುಕೊಂಡಳು. ಆ ಮನೆಯಲ್ಲಿ ತಿಂಗಳುಗಟ್ಟಲೆ ಪಾತ್ರೆಗಳದ್ದೇ ಸದ್ದು.

ನೋಡಲು ಬಂದ ನಾದಿನಿ ಬೆಚ್ಚಿಬಿದ್ದಳು. “ಏನತ್ತಿಗೆ, ಚಿಕ್ಕ ಮಕ್ಕಳ ಹಾಗೆ ಠೂ ಬಿಟ್ಟಿದ್ದೀರಾ?” ಅಂತ ಬೈದು, ಮರುದಿನವೇ ಇಬ್ಬರನ್ನೂ ಎಳೆದುಕೊಂಡು ಹೊರಟಳು.

ಥೆರಪಿಯ ಕೋಣೆ ಇಕ್ಕಟ್ಟಾಗಿತ್ತು. ಮೇಜಿನ ಮೇಲೆ ಲೋಟ, ಬಾಚಣಿಗೆ, ಬೀಗದ ಕೈ. ಥೆರಪಿಸ್ಟ್ ಇನ್ನೂ ಚಿಕ್ಕ ವಯಸ್ಸಿನ ಹುಡುಗಿ. ಲೋಟ ಎತ್ತಿ ಹಿಡಿದು, “ಇದೇನು ಸಾರ್?” ಅಂದಳು.

ಅವನು ಬಾಯಿ ತೆರೆದ. ಕುತ್ತಿಗೆಯ ನರ ಉಬ್ಬಿತು. “ಮಾ... ಮಾರ್ಕೆಟ್ಟು.” ಅಲ್ಲ ಅಲ್ಲ ಅಂತ ತಾನೇ ತಲೆ ಕೊಡವಿದ. “ಹೈಸ್ಕೂಲು.” ತೊಡೆಗೆ ಫಟ್ಟನೆ ಹೊಡೆದುಕೊಂಡ.

“ಆಟ ಕಟ್ಬೇಡಿ ರೀ!” ಅಂದ ಹೆಂಡತಿ ಅವನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದಳು. ಅವನ ಕಣ್ಣಲ್ಲಿ ನೀರು ತುಂಬಿತ್ತು.

“ಅಮ್ಮ, ಇದು ಹಟ ಅಲ್ಲ,” ಅಂದಳು ಹುಡುಗಿ. “ದಿನಾ ಕೂಗಿ ಬಾಯಿಪಾಠ ಆಗಿರೋದು ತಾನಾಗೇ ಉರುಳ್ಕೊಂಡು ಬರತ್ತೆ. ಬೇಕಾದ ಮಾತು ಹುಡುಕಿದ್ರೆ ಸಿಗಲ್ಲ. ನೀವು ಹೇಳೋದು ಇವರಿಗೆ ಸುಮಾರು ಅರ್ಥ ಆಗತ್ತೆ. ಮನೇಲಿ ಇವರ ಹತ್ರ ಮಾತಾಡ್ತಾನೇ ಇರ್ತೀರಲ್ಲ?”

ಅವಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಯ್ಯೋ, ಮನುಷ್ಯ ಒಳಗೇ ಅಷ್ಟು ಒದ್ದಾಡುತ್ತಿದ್ದಾಗ ತಾನು ತಟ್ಟೆ ಕುಕ್ಕುತ್ತಿದ್ದಳು!

“ಇನ್ನೂ ಮೊದಲೇ ಬಂದಿದ್ರೆ ಒಳ್ಳೇದಿತ್ತು,” ಅಂದಳು ಹುಡುಗಿ. “ಎಷ್ಟು ವಾಪಸ್ ಬರತ್ತೋ ಹೇಳೋಕಾಗಲ್ಲ. ಇವತ್ತೇ ಶುರು ಮಾಡಿ. ನೀವಿಬ್ಬರೂ ದಿನಾ ಆಡ್ತಿದ್ದ ಮಾತು ಯಾವುದಾದ್ರೂ ಅರ್ಧ ಹೇಳಿ, ಕಾಯಿರಿ. ಮಿಕ್ಕಿದ್ದು ನೀವು ತುಂಬಬೇಡಿ.”

ಸಂಜೆ ಮನೆಯಲ್ಲಿ ಅವನ ಎದುರು ಕುರ್ಚಿ ಎಳೆದುಕೊಂಡು ಕೂತಳು. ಅವನು ಡ್ಯೂಟಿಗೆ ಹೊರಡುವಾಗ ಬಾಗಿಲಲ್ಲಿ ನಿಂತು ಅವಳು “ಸಂಜೆ ಬೇಗ ಬರ್ತೀರಾ?” ಅನ್ನುತ್ತಿದ್ದಳು. ಮೆಟ್ಟಿಲಿಳಿಯುತ್ತ ಅವನು “ಬೇಗ ಬರ್ತೀನಿ ಬಿಡೇ” ಅನ್ನುತ್ತಿದ್ದ. ಎಷ್ಟೋ ವರ್ಷದ ಮಾತು.

“ಸಂಜೆ ಬೇಗ...” ಅಂದು ಕಾದಳು.

ಅವನ ತುಟಿ ಅದುರಿತು. “ಬ... ಬ...” ಅವಳು ಮುಂದಕ್ಕೆ ಬಾಗಿದಳು. ಬಂದಿದ್ದು, “ಮಾರ್ಕೆಟ್ಟು.” ಆಮೇಲೆ ತಡೆಯಲಾಗದೆ ಹೈಸ್ಕೂಲು, ಸೇತುವೆ, ಟ್ಯಾಂಕು, ಆಸ್ಪತ್ರೆ. ಕೂಗುತ್ತಲೇ ಅವನು ಬಿಕ್ಕಿ ಬಿಕ್ಕಿ ಅಳತೊಡಗಿದ. “ಡಿಪೋ. ಇಳೀರಿ, ಇಳೀರಿ...”

ಅವಳು ಅವನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

“ನಾನು ಇಳಿಯಲ್ಲ ರೀ,” ಅಂದಳು. “ಮತ್ತೆ ಮೊದಲಿಂದ ಹೋಗೋಣ. ಸಂಜೆ ಬೇಗ...”