ಅತ್ತೆಯ ಡಿಸೆಂಬರ್ ಟೇಪು

ಡಿಸೆಂಬರ್ ಒಂದನೇ ತಾರೀಖು ಬೆಳಿಗ್ಗೆ ನಾನು ಬಚ್ಚಲಲ್ಲಿ ದಪ್ಪ ಹೊದಿಕೆ ಹಿಂಡುತ್ತಿದ್ದೆ. ಒಂದು ತುದಿಯನ್ನು ನಲ್ಲಿಗೆ ಸುತ್ತಿ ಇನ್ನೊಂದನ್ನು ತಿರುಚುತ್ತಾ ತಿರುಚುತ್ತಾ ಇನ್ನೇನು ಮುಗಿಯಿತು ಅನ್ನುವಾಗ ಯಾರೋ ನನ್ನ ತೋಳು ಜಗ್ಗಿದರು. ಹೊದಿಕೆ ಕೈತಪ್ಪಿ ಸರ್ರನೆ ಬಿಚ್ಚಿಕೊಂಡು ಮತ್ತೆ ಬಕೆಟ್ಟಿಗೆ ಬಿತ್ತು. ತಿರುಗಿ ನೋಡಿದರೆ ಮಗಳು.

"ಅತ್ತೆ ಟೇಪು ಕೊಟ್ಟಿಲ್ಲ," ಅಂದಳು.

ಅಂದಳು ಎಂದು ಬರೆದೆನಾದರೂ ನಾನು ತಿಳಿದುಕೊಂಡದ್ದು ಅರ್ಧದಷ್ಟು ತುಟಿ ನೋಡಿಯೇ. ಒಂಬತ್ತು ವರ್ಷದ ಈ ಹುಡುಗಿಯ ದನಿ ಅಷ್ಟು ಸಣ್ಣದು. ಅವಳ ಅತ್ತೆ, ಎಂದರೆ ನನ್ನ ಗಂಡನ ಅಕ್ಕ, ಅವಳನ್ನು ಇರುವೆ ಎಂದೇ ಕರೆಯುವುದು. "ಇವಳು ಮಾತಾಡಿದ್ರೆ ಇನ್ನೊಂದು ಇರುವೆಗೇ ಕೇಳಿಸ್ಬೇಕು ಕಣಮ್ಮ!"

ಅತ್ತಿಗೆ ಇರುವುದು ನಮ್ಮ ಮಹಡಿ ಮೇಲಿನ ಕೋಣೆಯಲ್ಲಿ. ದೊಡ್ಡ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಇಪ್ಪತ್ತಾರು ವರ್ಷದಿಂದ ಕೆಲಸ. ಒಗೆಯುವ ಯಂತ್ರಗಳ ಪಕ್ಕದಲ್ಲೇ ಬಟ್ಟೆ ಮಡಿಸುವ ಉದ್ದನೆಯ ಮೇಜು, ಅದರ ತುದಿಯಲ್ಲೊಂದು ರೇಡಿಯೋ. ಅದರಲ್ಲಿ ದಿನವಿಡೀ ಇಂಗ್ಲಿಷ್ ಹಾಡು. ಶಾಲೆಯನ್ನು ಅರ್ಧಕ್ಕೇ ಬಿಟ್ಟ ಅತ್ತಿಗೆ ಇಂಗ್ಲಿಷ್ ಕಲಿತದ್ದು ಆ ಮೇಜಿನ ಮುಂದೆ ನಿಂತು, ಹಾಸಿಗೆ ಬಟ್ಟೆಯ ನಾಲ್ಕು ಮೂಲೆ ಸೇರಿಸುತ್ತಾ. ವರ್ಷವೆಲ್ಲ ಕೇಳಿ, ಮೆಚ್ಚಿದ್ದನ್ನು ಟೇಪಿಗೆ ಹಿಡಿದು, ಅದರಲ್ಲಿ ಹತ್ತನ್ನು ಮಾತ್ರ ಡಿಸೆಂಬರಿಗೆಂದು ಆರಿಸಿ ನಮಗೆ ಕೊಡುತ್ತಿದ್ದರು.

"ಡಿಸೆಂಬರೇ ಯಾಕೆ?" ಎಂದು ಒಮ್ಮೆ ಕೇಳಿದ್ದೆ.

"ಆ ತಿಂಗಳು ಬೆಳಕು ಬೇಗ ಎದ್ದು ಹೋಗುತ್ತೆ. ಖಾಲಿಯಾದ ಜಾಗಕ್ಕೆ ಏನಾದ್ರೂ ಬೇಡ್ವಾ?"

ಟೇಪಿನ ಜೊತೆ ಒಂದು ಪಟ್ಟಿ. ಹಾಡುಗಳಿಗೆ ಅತ್ತಿಗೆ ಇಟ್ಟ ಹೆಸರು ಎಡಕ್ಕೆ, ಅದನ್ನು ಯಾವಾಗ ಕೇಳಬೇಕೆಂಬುದು ಬಲಕ್ಕೆ. "ಗೊಗ್ಗರು ದನಿಯವನ ಹಿಮದ ಹಾಡು: ಇಸ್ತ್ರಿ ಮಾಡುವಾಗ. ಎರಡು ಅಂಗಿ ಮುಗಿಯುವಷ್ಟರಲ್ಲಿ ಅವನ ದುಃಖವೂ ಮುಗಿಯುತ್ತದೆ." "ರೈಲು ತಪ್ಪಿಸಿಕೊಂಡವಳ ಹಾಡು: ಗಂಡ ಹೆಂಡತಿ ಮಾತು ಬಿಟ್ಟಾಗ. ಇಬ್ಬರೂ ಒಂದೇ ಕೋಣೆಯಲ್ಲಿರತಕ್ಕದ್ದು." "ಗಂಟೆ ಬಾರಿಸುವ ಮಕ್ಕಳ ಹಾಡು: ಯಾವಾಗಲಾದರೂ ಸರಿ, ಉಗುರು ಕತ್ತರಿಸುವಾಗ ಬೇಡ." ಈ ಕೊನೆಯದನ್ನು ಲೆಕ್ಕಿಸದೆ ನನ್ನ ಗಂಡ ಹತ್ತು ದಿನ ಕಾಲಿನ ಹೆಬ್ಬೆರಳಿಗೆ ಪಟ್ಟಿ ಕಟ್ಟಿಕೊಂಡು ಕುಂಟಿದರು.

ನನಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೆ ಅತ್ತಿಗೆಯ ಬಲಗಡೆಯ ಸಾಲು ಒಮ್ಮೆಯೂ ಸುಳ್ಳಾಗಿಲ್ಲ. ಹೋದ ವರ್ಷ ಒಂದರ ಮುಂದೆ "ಕಾಯಿಲೆ ಬಿದ್ದವರು ಮೊದಲ ಸಲ ಎದ್ದು ಕಿಟಕಿ ಹತ್ತಿರ ಕೂತಾಗ" ಎಂದಿತ್ತು. ಇದೆಂಥದ್ದು ಅಂದುಕೊಂಡಿದ್ದೆ. ಮಗಳು ಎಂಟು ದಿನ ಜ್ವರದಲ್ಲಿ ಮಲಗಿ ಎದ್ದಳು. ಅವಳನ್ನು ಕಿಟಕಿಯ ಪಕ್ಕ ಕೂರಿಸಿ ಆ ಹಾಡು ಹಾಕಿದೆ. ಒಂದು ಪದವೂ ತಿಳಿಯದೆ ಎಲ್ಲವೂ ತಿಳಿಯಿತು. ಅನ್ಯರ ಹಾಡಿನೊಳಗೆ ನಮ್ಮ ಮನೆಯ ಗಳಿಗೆಯನ್ನು ಹುಡುಕಿಡುವುದು ಎಲ್ಲರಿಗೂ ಒಲಿಯುವ ವಿದ್ಯೆಯಲ್ಲ.

ಅಂಥ ಟೇಪು ಈ ಸಲ ಬಂದಿರಲಿಲ್ಲ. ಗಂಡ ವಿಚಾರಿಸಿದರೆ, "ಪುರುಸೊತ್ತಿಲ್ಲ, ಹೋಗೋ!" ಎಂಬ ಉತ್ತರ. ಮುನಿಸಿರಬೇಕು ಎಂದುಕೊಂಡೆ. ಹಿಂದಿನ ತಿಂಗಳಷ್ಟೇ ಇವರು, "ಅಕ್ಕಾ, ನಿನ್ನ ಹಾಡು ಕೇಳಿ ಕೇಳಿ ನಮ್ಮ ಇಸ್ತ್ರಿಪೆಟ್ಟಿಗೆಗೂ ಇಂಗ್ಲಿಷ್ ಬಂತು" ಎಂದು ಗೇಲಿ ಮಾಡಿದ್ದರು.

ಮಗಳು ಮಾತ್ರ ದಿನಾ ಸಂಜೆ ಮೇಲೆ ಹೋಗಿ ಕೂತು ಬರುತ್ತಿದ್ದಳು.

"ಟೇಪಿನ ವಿಷಯ ಕೇಳಿದ್ಯಾ?"

ಇಲ್ಲ ಎಂದು ತಲೆಯಾಡಿಸುತ್ತಿದ್ದಳು. ಏನೋ ಒಂದು ಪ್ರಶ್ನೆ ಅವಳ ಗಂಟಲಲ್ಲಿ ಸಿಕ್ಕಿಕೊಂಡಿದೆ ಎಂದು ನನಗೆ ಗೊತ್ತಿತ್ತು. ಒತ್ತಾಯ ಮಾಡಲಿಲ್ಲ. ಮಕ್ಕಳ ಮಾತು ಒಲೆ ಮೇಲಿನ ಹಾಲಿದ್ದಂತೆ. ಅವಸರಕ್ಕೆ ಉರಿ ಹೆಚ್ಚಿಸಿದರೆ ಉಕ್ಕಿ ಒಲೆಯ ಪಾಲು.

ಎರಡನೇ ಭಾನುವಾರ ಎಲ್ಲರೂ ಊಟಕ್ಕೆ ಕೂತಿದ್ದೆವು. "ಅಕ್ಕಾ, ಉಪ್ಪು ಕೊಡು," ಅಂದರು ಇವರು. ಅತ್ತಿಗೆ ತಟ್ಟೆ ನೋಡುತ್ತಾ ಉಣ್ಣುತ್ತಿದ್ದರು. "ಅಕ್ಕಾ, ಉಪ್ಪು." ಮೂರನೇ ಸಲಕ್ಕೆ ಇವರೇ ಎದ್ದು ಉಪ್ಪು ತೆಗೆದುಕೊಂಡು, "ಕಿವುಡರ ಮುಂದೆ ಕಿನ್ನರಿ ನುಡಿಸಿದ ಹಾಗಾಯ್ತು!" ಎಂದು ನಕ್ಕರು.

ಮಗಳು ಚಮಚ ಕೆಳಗಿಟ್ಟು ಅಪ್ಪನ ಮುಖ ನೋಡಿದಳು. ಆ ನೋಟಕ್ಕೆ ಅವರ ನಗು ಅರ್ಧಕ್ಕೇ ನಿಂತಿತು. ಅತ್ತಿಗೆ ತಲೆಯೆತ್ತಿ ಎಲ್ಲರನ್ನೂ ನೋಡಿ, ಸುಮ್ಮನೆ "ಹೂಂ ಹೂಂ" ಅಂದರು. ಕೆಲವು ತಿಂಗಳಿಂದ ಅವರು ಎಲ್ಲದಕ್ಕೂ ಹೂಂ ಅನ್ನುತ್ತಿದ್ದರು ಎಂಬುದು ನನಗೆ ಆಗ ಹೊಳೆಯಿತು. ಇಪ್ಪತ್ತಾರು ವರ್ಷ ಆ ಯಂತ್ರಗಳ ಗುಡುಗಿನ ಪಕ್ಕದಲ್ಲಿ ನಿಂತವರು!

ಪಾತ್ರೆ ತೊಳೆಯುವಾಗ ಮಗಳನ್ನು ಕೇಳಿದೆ. "ನಿನಗೆ ಯಾವಾಗಿಂದ ಗೊತ್ತು?"

"ಆಗಸ್ಟಿಂದ. ಯಾರಿಗೂ ಹೇಳ್ಬೇಡಮ್ಮ. ಅತ್ತೆಗೆ ನಾಚಿಕೆ ಆಗುತ್ತೆ."

ಅವಳಿಗೆ ಮೊದಲು ಗೊತ್ತಾಗದೆ ಇನ್ನಾರಿಗೆ? ಮನೆಯಲ್ಲಿ ಎಲ್ಲರಿಗಿಂತ ಮೊದಲು ಅತ್ತಿಗೆಗೆ ಕೇಳಿಸದೆ ಹೋದದ್ದು ಅವಳ ದನಿಯೇ.

ಕೈ ಒರೆಸಿಕೊಂಡು ಶಾಲೆಯ ಚೀಲದಿಂದ ಒಂದು ಟೇಪು, ಒಂದು ಹಾಳೆ ತಂದಳು. ನಮ್ಮ ರೇಡಿಯೋದಿಂದ ಭಾನುವಾರಕ್ಕೆ ಒಂದೋ ಎರಡೋ ಎಂಬಂತೆ ಹತ್ತು ಹಾಡು ಹಿಡಿದಿಟ್ಟಿದ್ದಳು, ಯಾರಿಗೂ ತಿಳಿಯದಂತೆ. ಹೆಸರುಗಳನ್ನೂ ಬರೆದಿದ್ದಳು: "ಛತ್ರಿ ಮರೆತವನ ಹಾಡು", "ಅಳುತ್ತಾ ನಗುವವಳ ಹಾಡು". ಬಲಗಡೆಯ ಸಾಲು ಖಾಲಿ.

"ಅದು ಅತ್ತೆಗೆ ಮಾತ್ರ ಬರುತ್ತೆ," ಅಂದಳು.

"ಅವರಿಗೆ ಕೇಳಿಸಬೇಕಲ್ಲ ಪುಟ್ಟಿ?"

"ಕೈಗೆ ಕೇಳಿಸುತ್ತೆ. ಸಂಜೆ ತಮ್ಮ ರೇಡಿಯೋ ಮೇಲೆ ಅಂಗೈ ಇಟ್ಕೊಂಡು ಕೂತಿರ್ತಾರೆ. ನಾನು ಬಂದ ತಕ್ಷಣ ತೆಗೀತಾರೆ."

"ಹಾಗಾದ್ರೆ ಹೋಗಿ ಕೇಳು."

"ಜೋರಾಗಿ ಕೇಳ್ಬೇಕಲ್ಲಮ್ಮ."

ತೊಡಕು ಇಷ್ಟೇ, ಆದರೆ ಸಣ್ಣದಲ್ಲ. ಜೋರಾಗಿ ಕೇಳಿದರೆ, ನಿಮ್ಮ ಕಿವಿಯ ವಿಷಯ ನನಗೆ ಗೊತ್ತು ಎಂದು ಹೇಳಿದಂತೆ. ಅದರ ಮೇಲೆ, ಜೋರು ಎಂಬುದು ಅವಳ ಹುಟ್ಟಿನಲ್ಲೇ ಇಲ್ಲ.

ಆದರೂ ಮಧ್ಯಾಹ್ನ ಟೇಪ್ ರೆಕಾರ್ಡರ್ ಎತ್ತಿಕೊಂಡು ಮೆಟ್ಟಿಲು ಹತ್ತಿದಳು. ಒಣಗಿದ ಬಟ್ಟೆ ಕೊಡುವ ನೆಪ ಮಾಡಿ ನಾನೂ ಹಿಂದೆ ಹೋಗಿ ಬಾಗಿಲಲ್ಲಿ ನಿಂತೆ. ಅತ್ತಿಗೆ ಮಂಚದ ಮೇಲೆ ತಮ್ಮ ಬಟ್ಟೆ ಮಡಿಸುತ್ತಿದ್ದರು, ಆಸ್ಪತ್ರೆಯಲ್ಲಿ ಮಡಿಸಿದಂತೆಯೇ, ಅಂಚಿಗೆ ಅಂಚು ಕೂಡಿಸಿ. ಮಗಳು ರೆಕಾರ್ಡರನ್ನು ಮೇಜಿನ ಮೇಲಿಟ್ಟು ಗುಂಡಿ ಒತ್ತಿದಳು. ಟೇಪು ತಿರುಗತೊಡಗಿತು.

ಅತ್ತಿಗೆ ಅದನ್ನು ನೋಡಿ, ತಲೆ ತೂಗಿ, "ಎಷ್ಟು ಚೆನ್ನಾಗಿದೆ ಕಣೇ ಇರುವೆ!" ಅಂದರು.

ಹಾಡು ಇನ್ನೂ ಶುರುವಾಗಿರಲಿಲ್ಲ. ಬರೀ ಸುಯ್ಯೆನ್ನುತ್ತಿತ್ತು.

ಮಗಳು ಮುಖದಲ್ಲಿ ಏನನ್ನೂ ತೋರಿಸಲಿಲ್ಲ. ಸದ್ದನ್ನು ತುತ್ತತುದಿಗೆ ತಿರುಗಿಸಿ, ಅತ್ತೆಯ ಕೈ ಹಿಡಿದು ರೆಕಾರ್ಡರಿನ ಮೇಲಿಟ್ಟಳು. ಹಾಡು ಶುರುವಾಯಿತು. ಕಿಟಕಿಯ ಗಾಜು ಗಡಗಡನೆ ಅದುರಿತು. ಅತ್ತಿಗೆ ಸುಟ್ಟುಕೊಂಡವರಂತೆ ಕೈ ಎಳೆದುಕೊಳ್ಳಲು ಹೋದರು. ಮಗಳು ಬಿಡಲಿಲ್ಲ, ತನ್ನ ಪುಟ್ಟ ಕೈಯನ್ನು ಅದರ ಮೇಲೆ ಒತ್ತಿ ಹಿಡಿದಳು.

ಸ್ವಲ್ಪ ಹೊತ್ತಿಗೆ ಅತ್ತಿಗೆಯ ಬೆರಳುಗಳು ತಾವಾಗಿಯೇ ಅಗಲವಾದವು. ಕಣ್ಣು ಮುಚ್ಚಿದರು. ಹಿಮ್ಮಡಿ ನೆಲ ತಟ್ಟತೊಡಗಿತು, ಹಾಡಿನೊಂದಿಗೆ ಒಂದು ಕೂದಲೆಳೆಯೂ ತಪ್ಪದೆ.

ಮಗಳು ಹಾಳೆ ಬಿಡಿಸಿದಳು. ಖಾಲಿ ಸಾಲಿನ ಮೇಲೆ ಪೆನ್ಸಿಲ್ ಇಟ್ಟಳು. ಆ ಪುಟ್ಟ ಎದೆಯಲ್ಲಿ ಅಷ್ಟು ಉಸಿರಿಗೆ ಜಾಗವಿದೆ ಎಂದು ಹೆತ್ತ ನನಗೇ ತಿಳಿದಿರಲಿಲ್ಲ. ಕೆಳಗಿನ ಕೋಣೆಯಲ್ಲಿದ್ದ ಅಪ್ಪ ಏನಾಯಿತೋ ಎಂದು ಎದ್ದು ಹೊರಗೆ ಓಡಿ ಬರುವಷ್ಟು ಗಟ್ಟಿಯಾಗಿ ಕೇಳಿದಳು:

"ಅತ್ತೇ, ಇದು ಯಾವಾಗ ಕೇಳೋ ಹಾಡು?"